ಹೊಟ್ಟೆ ಸೀಳಿದ ‘ದ’

ಮಾರ್ಚ್ ತಿಂಗಳು. ಒಂದನೇ ತರಗತಿಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಮುಂದಿನ ವರ್ಷದ ಪಾಠಪಟ್ಟಿ ನೋಡಿ ಮೂಗು ಮುರಿದರು.

“ಅಆಇಈಗೆ ಒಂದು ವರ್ಷ ಬೇಕೇನ್ರೀ? ನಾನು ಮೂರೇ ತಿಂಗಳಲ್ಲಿ ಕಲಿತು ಮುಗಿಸಿದೋನು. ನೀವೂ ಹಾಗೇ ಮುಗಿಸಿ, ಇಲ್ಲಾಂದ್ರೆ ಎತ್ತಂಗಡಿ ಮಾಡಿಸ್ತೀನಿ!”

ನೀಲಗಂಗಾ ಟೀಚರಿಗೆ ಒಳಗೊಳಗೇ ನಗು. ಸಾಹೇಬರ ಸುತ್ತೋಲೆಗಳನ್ನೆಲ್ಲ ಓದಿದವರಲ್ಲವೇ!

“ಆಗಲಿ ಸಾರ್. ವಿದ್ಯೆಯ ಮೇಲೆ ಮಕ್ಕಳಿಗೊಂದು ಮಾತು ಬರೆದುಕೊಡಿ” ಎಂದು ಸೀಮೆಸುಣ್ಣ ಕೊಟ್ಟರು.

ಸಾಹೇಬರು ಬೋರ್ಡಿನ ತುಂಬ ಗತ್ತಿನಿಂದ ಬರೆದರು: ‘ವಿಧ್ಯೆಯೇ ಸಂಪತ್ತು.’

ಇಡೀ ತರಗತಿ ಕಿರುಚಿತು. “ಟೀಚರ್, ಸಾಹೇಬ್ರು ‘ದ’ಗೆ ಹೊಟ್ಟೆ ಸೀಳಿಬಿಟ್ರು!”

ಸಾಹೇಬರು ಇಂಗು ತಿಂದ ಮಂಗನಂತಾದರು.

“ಗದ್ದಲ ಮಾಡಬೇಡ್ರೋ,” ಟೀಚರ್ ಗದರಿದರು. “ಸಾಹೇಬ್ರದೇನೂ ತಪ್ಪಿಲ್ಲ. ಎಲ್ಲಿ ಹೊಟ್ಟೆ ಸೀಳಬೇಕು ಅನ್ನೋ ಪಾಠ ಬರೋದೇ ನಾಲ್ಕನೇ ತಿಂಗಳಲ್ಲಿ!”