ಗೇಣುದ್ದದ ಭೂತ

ಹತ್ತಿರ ಬಾ ಪುಟ್ಟಿ, ಕೌದಿ ಹೊದ್ಕೊ. ಹೂಂಗುಟ್ಟೋದು ಬಿಟ್ಟೆಯೋ, ಭೂತ ಸಿಗೋ ಮುಂಚೆನೇ ಕತೆ ನಿಲ್ಲಿಸಿಬಿಡ್ತೀನಿ!

ಒಂದಾನೊಂದು ಕಾಲದಲ್ಲಿ, ಕೋಳಿಗಿಂತ ಮುಂಚೆ ಮಗ್ಗಗಳೇ ಕೂಗಿ ಎಬ್ಬಿಸ್ತಿದ್ದ ಒಂದೂರಲ್ಲಿ ಕರಿಯಣ್ಣ ಅಂತ ನೇಕಾರ ಇದ್ದನಂತೆ. ಎಷ್ಟು ಉದ್ದ ಅಂದ್ರೆ, ತನ್ನ ಮನೆ ಬಾಗಿಲಿಗೇ ಎರಡು ಸಲ ಬಗ್ಗಬೇಕಿತ್ತಂತೆ! ಅವನು ತನ್ನ ಕಾಲಿಗೆ ತಕ್ಕಂತೆ ನೆಲದಲ್ಲಿ ಗುಂಡಿ ತೋಡಿ, ಪೂಜೆ ಮಾಡಿ ಮಗ್ಗ ಹೂಡಿದ್ದನಂತೆ. ನೇಯೋರು ಗುಂಡಿ ಅಂಚಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಅಲ್ಲಿ ತೂಗೋ ಹಲಗೆ ತುಳೀಬೇಕು, ತಿಳೀತಾ?

ಆಮೇಲೆ ಕರಿಯಣ್ಣ ಸತ್ತ, ಹೆಂಡತಿ ಬೋರಮ್ಮ ಮಗ್ಗಕ್ಕೆ ಕೂತಳು, ನಾಲ್ಕು ವರ್ಷದಲ್ಲಿ ಅವಳ ಬೆನ್ನು ಕುಡುಗೋಲಾಯ್ತಂತೆ. ಮೂವರು ಗಂಡುಮಕ್ಕಳೂ ಊರೂರು ತಿರುಗಿ ಸೀರೆ ಮಾರೋರು. ಅದಕ್ಕೆ ದೊಡ್ಡ ಸೊಸೆ ಕೂತಳು, ಸೊಂಟ ಹಿಡ್ಕೊಂಡು ಚಾಪೆ ಸೇರಿದಳು. ಆಮೇಲೆ ನಡುವಿನವಳು, ಅವಳೂ ಚಾಪೆ! ಗುಂಡಿಯೊಳಗೆ ಸೊಂಟ ಹಿಡಿಯೋ ಭೂತ ಐತೆ ಅಂತ ಊರೆಲ್ಲ ಗುಲ್ಲಂತೆ.

ಕಿರಿ ಸೊಸೆ ತಿಪ್ಪಕ್ಕ ಗಿಡ್ಡಿ, ಬಾಯಿ ಮಾತ್ರ ಉದ್ದ. ತವರಲ್ಲಿ ಅಣ್ಣಂದಿರು ಅವಳನ್ನ ಮಗ್ಗ ಮುಟ್ಟೋಕೆ ಬಿಟ್ಟಿರಲಿಲ್ಲ, ನೂಲು ಸುತ್ತೋದಷ್ಟೇ. ನೇಯಬೇಕು ನೇಯಬೇಕು ಅಂತ ಜೀವ ಕುಣೀತಿತ್ತಂತೆ. ಬೋರಮ್ಮ, ಮೂರು ದಿನ ನೋಡ್ತೀನಿ ಕಣೇ, ನಿನ್ನ ಸೊಂಟಾನೂ ಹೋಯ್ತೋ, ಮಗ್ಗ ಒಡೆದು ಒಲೆಗೆ ಹಾಕ್ತೀನಿ ಅಂದಳಂತೆ.

ಮೊದಲ ದಿನ ತಿಪ್ಪಕ್ಕ ಗುಂಡಿಗೆ ನಿಂಬೆಹಣ್ಣು ಕೊಯ್ದು ಹಾಕಿ ಕೂತಳು, ಸಂಜೆಗೆ ಸೊಂಟ ಚುರ್! ಎರಡನೇ ದಿನ ಕೋಳಿ ಕೊಯ್ದು ಕೂತಳು, ಮಧ್ಯಾಹ್ನಕ್ಕೇ ಚುರ್ ಚುರ್! ಒಳಗಿಂದ ದೊಡ್ಡ ಸೊಸೆ, ಏ ತಿಪ್ಪಿ, ಕೋಳಿ ತಿಂದು ಭೂತ ಇನ್ನೂ ದಪ್ಪ ಆಯ್ತು, ನಿಂಗೂ ಚಾಪೆ ಹಾಸಿದೀನಿ ಬಾರೇ ಅಂದಳಂತೆ. ಮೂರನೇ ದಿನ ರೋಷ ಬಂತು ನೋಡು! ಸೆರಗು ಕಟ್ಟಿ, ಒಂದು ಕೈಲಿ ದೀಪ, ಒಂದು ಕೈಲಿ ಪೊರಕೆ ಹಿಡಿದು ಗುಂಡಿಗೆ ದುಡುಂ ಅಂತ ಹಾರೇಬಿಟ್ಟಳಂತೆ! ಬಾರೋ ಈಚೆಗೆ, ನನ್ನ ಕೋಳಿ ತಿಂದೋನೇ!

ಭೂತ ಇಲ್ಲ, ಒಂದು ಕಪ್ಪೆ ಇತ್ತು. ಹಲಗೆ ಮೇಲೆ ಮಾವನ ಪಾದ ಸವೆಸಿದ ಎರಡು ಗುಳಿ. ಮೇಲೆ ಹತ್ತಿ ಕೂತು ಕಾಲು ಇಳಿಬಿಟ್ಟಳು, ಹಲಗೆ ಗೇಣು ಕೆಳಗೆ! ಮುಟ್ಟಬೇಕಂದ್ರೆ ಅಂಚಿಗೆ ಜಾರಬೇಕು, ಜಾರಿದ್ರೆ ಬೆನ್ನು ಗೂನು. ಅತ್ತೇ, ಭೂತ ಸಿಕ್ತು, ಸಿಕ್ತು! ಬೋರಮ್ಮ ಒನಕೆ ಹಿಡಿದು ಓಡಿಬಂದು ಎಲ್ಲೇ, ಎಷ್ಟು ದೊಡ್ಡದೇ ಅಂದ್ರೆ, ಇಗೋ, ಗೇಣುದ್ದ, ಅಂತ ಕಾಲಿಗೂ ಹಲಗೆಗೂ ನಡುವೆ ಕೈ ಅಗಲಿಸಿ ತೋರಿಸಿದಳಂತೆ.

ಗುಂಡಿಗೆ ಒಂದಿಷ್ಟು ಮಣ್ಣು ಹಾಕೋಣ ಅಂದ್ರೆ ಬೋರಮ್ಮ ಕೆನ್ನೆ ಬಡ್ಕೊಂಡಳು, ಗುಂಡಿಗೆ ಮಣ್ಣು ಎಳೆಯೋದು ಹೆಣಕ್ಕೆ ಕಣೇ, ಮಗ್ಗಕ್ಕಲ್ಲ! ಸರಿ, ಮಣ್ಣು ಬೇಡ ಅಂತ ತಿಪ್ಪಕ್ಕ ಹಲಗೆಯ ಹಗ್ಗ ಗೇಣು ಮೇಲಕ್ಕೆ ಬಿಗಿದು, ಪಾದ ಊರೋಕೆ ಗುಂಡಿಯೊಳಗೆ ಊಟದ ಮಣೆ ಮೂರು ಪೇರಿಸಿ ಕೂತಳಂತೆ. ಬೆನ್ನು ನೆಟ್ಟಗೆ! ಲಾಳಿಯೊಳಗಿನ ನೂಲು ಖಾಲಿಯಾದಾಗಲೆಲ್ಲ ಎದ್ದು ಅಂಗಳ ಸುತ್ತಿ ಬಂದಳು. ಕಟಕ್ ಪಟಕ್, ಕಟಕ್ ಪಟಕ್, ಸಂಜೆಯಾಯ್ತು, ಚುರ್ ಇಲ್ಲ! ಮಗ್ಗ ಉಳೀತು!

ಆಮೇಲೆ ಚಾಪೆಯವರಿಬ್ಬರೂ ಮೆಲ್ಲಗೆ ಎದ್ದು, ದೊಡ್ಡವಳಿಗೆ ಎರಡು ಮಣೆ, ನಡುವಿನವಳಿಗೆ ಒಂದು ಅಂತ ಸರದಿಲಿ ನೇಯ್ದರಂತೆ. ಬೋರಮ್ಮನ ಬೆನ್ನು ಮಾತ್ರ ಬಗ್ಗಿದ್ದು ಬಗ್ಗಿದಂಗೇ ಇತ್ತು. ಒಂದಿನ ಯಾರೂ ಇಲ್ಲದಾಗ ಅವಳೂ ಮಣೆ ಪೇರಿಸಿ ಕೂತು ನಾಲ್ಕೆಳೆ ನೇಯ್ದಳಂತೆ. ತಿಪ್ಪಕ್ಕ ಬಂದು ನೋಡಿದ್ರೆ ಮುದುಕಿ ಕಣ್ತುಂಬ ನೀರು, ಬಾಯ್ತುಂಬ ನಗು. ಇಷ್ಟು ವರ್ಷ ನನ್ನ ಗಂಡನ ಕಾಲಲ್ಲಿ ನೇಯ್ದೆ ಕಣೇ ತಿಪ್ಪಿ, ಇವತ್ತು ನನ್ನ ಕಾಲಲ್ಲಿ ನೇಯ್ದೆ, ಅಂದಳಂತೆ.

ಮಣೆಯೆಲ್ಲ ಮಗ್ಗಕ್ಕೆ ಹೋಗಿ, ಮೂವರು ಗಂಡಂದಿರೂ ಬರೀ ನೆಲದಲ್ಲೇ ಕೂತು ಉಂಡು ಸುಖವಾಗಿದ್ದರಂತೆ. ಗೇಣುದ್ದದ ಭೂತ ಓಡಿಹೋಯ್ತು, ಅದರ ಹಿಂದೇನೇ ಕತೆ ಮುಗೀತು. ಹೂಂ ಅನ್ನೇ... ಓ, ಮಲಗೇಬಿಟ್ಟಳು.