ಮದುಮಗನ ಬಲಗಾಲಿನ ಚಪ್ಪಲಿ

ಕಲ್ಯಾಣಮಂಟಪವೊಂದರ ಬಾಗಿಲಲ್ಲಿ ಚಪ್ಪಲಿ ಸ್ಟ್ಯಾಂಡು ಇತ್ತು. ಹಿಂದಿನ ಮದುವೆಯಲ್ಲಿ ಒಂದೇ ತರದ ಚಪ್ಪಲಿಗಳು ಅದಲುಬದಲಾಗಿ ಬೀಗರು ಜಗಳವಾಡಿದ್ದರಿಂದ, ಆ ಸ್ಟ್ಯಾಂಡು ಕೆಂಚನೆಂಬ ನಾಯಿಯನ್ನು ಕಾವಲಿಗಿಟ್ಟುಕೊಂಡಿತು.

“ಬಂದದ್ದನ್ನೆಲ್ಲ ತಲೆಯಲ್ಲಿಟ್ಟುಕೋ. ಅದರಂಥದ್ದೇ ಇನ್ನೊಂದು ಬಂದರೆ ಬಿಡಬೇಡ,” ಎಂದು ಅಪ್ಪಣೆ ಮಾಡಿತು.

ಮೊದಲು ಬಂದದ್ದು ಮದುಮಗನ ಹೊಸ ಜೋಡು. ಕೆಂಚ ಒಂದನ್ನು ನೋಡಿ ನೆನಪಿಟ್ಟುಕೊಂಡ. ಇನ್ನೊಂದನ್ನು ನೋಡಿದರೆ ಅದೇ ಬಣ್ಣ, ಅದೇ ಅಳತೆ!

“ಎಲಾ ಇವನಾ, ನೀನು ಆಗಲೇ ಬಂದಾಯಿತಲ್ಲ!”

“ಅವನು ಎಡಗಾಲಿನವನು ಸ್ವಾಮಿ, ನಾನು ಬಲಗಾಲಿನವನು,” ಎಂದು ಚಪ್ಪಲಿ ಗೋಗರೆಯಿತು. ಕೆಂಚ ಕೇಳದೆ ಅದನ್ನು ಕಚ್ಚಿಕೊಂಡು ಹೋಗಿ ಹಿತ್ತಲಿಗೆ ಎಸೆದ.

ಕಾಶೀಯಾತ್ರೆಯ ಹೊತ್ತಾಯಿತು. ಮದುಮಗ ಕೊಡೆ ಹಿಡಿದು ಒಂದೇ ಚಪ್ಪಲಿ ಮೆಟ್ಟಿ ನಿಂತ. ಅವನು ಹೊರಡದೆ ಮಾವ ತಡೆಯುವಂತಿಲ್ಲ, ಮಾವ ತಡೆದು ಕರೆತರದೆ ಧಾರೆಯಿಲ್ಲ. ಮುಹೂರ್ತ ಮೀರುತ್ತಿತ್ತು.

“ಇನ್ನೊಂದು ಎಲ್ಲೋ?” ಸ್ಟ್ಯಾಂಡು ಗದರಿತು.

“ಬಣ್ಣ ಒಂದೇ, ಅಳತೆ ಒಂದೇ. ಬಿಡಬೇಡ ಅಂದವರು ನೀವೇ ಅಲ್ಲವೇ?”

“ಯಾವ ಕಾಲಿನದು ಅಂತ ನೋಡಿದೆಯಾ? ಬಣ್ಣ, ಅಳತೆ, ಕಾಲು ಮೂರೂ ಒಟ್ಟಿಗೆ ಹೊಂದಿದರೆ ಮಾತ್ರ ಅದು ಅದೇ. ಒಂದು ಬೇರೆಯಾದರೂ ಅದು ಬೇರೆಯೇ, ಪೆದ್ದೇ!”

ಕೆಂಚ ಓಡಿಹೋಗಿ ತಂದುಕೊಟ್ಟ. ಮದುವೆ ನಡೆಯಿತು. ಅವನ ತಲೆ ಮಾತ್ರ ಗಿರ್ರೆನ್ನುತ್ತಲೇ ಇತ್ತು. ತನ್ನ ನಾಲ್ಕೂ ಪಾದ ನೋಡಿಕೊಂಡ. ಅವನ ಕಣ್ಣಿಗೆ ನಾಲ್ಕೂ ಒಂದೇ.

ಅಂದಿನಿಂದ ನಾಯಿಗಳು ಬಾಗಿಲಲ್ಲಿ ಜೋಡು ಕಂಡರೆ ಒಂದನ್ನು ಕಚ್ಚಿಕೊಂಡು ಮೂಲೆಗೆ ಹೋಗುತ್ತವೆ. ಎಡದ್ದೋ ಬಲದ್ದೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತವೆ. ನಾವು ಕಳ್ಳನಾಯಿ ಎಂದು ಕಲ್ಲು ಹೊಡೆಯುತ್ತೇವೆ.