ಟಿಟ್ಟವ್ವನ ಎದೆ ಕಪ್ಪಾದದ್ದು

ಭೂಮಿಯ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಆಗ ಟಿಟ್ಟಿಭ ಹಕ್ಕಿಯ ಎದೆ ಬೆಳ್ಳಗಿತ್ತು.

ಆ ಕಾಲದಲ್ಲಿ ಗುಡುಗಣ್ಣ ಆಕಾಶದಲ್ಲಿ ದೊಡ್ಡದೊಂದು ನಗಾರಿ ಇಟ್ಟುಕೊಂಡಿದ್ದ. ಅದರ ಸದ್ದು ಕೇಳಿದರೇನೇ ಕಡಲ ಮೇಲೆ ಮಲಗಿದ ಮೋಡಗಳು ಎದ್ದು ಮಳೆ ತರುತ್ತಿದ್ದವು. ಅವನು ಹೊಡೆಯುತ್ತಿದ್ದದ್ದು ಒಂದೇ ಏಟು. ಆದರೆ ನಗಾರಿ ಸುಮ್ಮನಾಗಬೇಕಲ್ಲ! ಧಣ್ ಎಂದದ್ದು ಗುಂಯ್ ಎನ್ನುತ್ತ, ಗುಂಯ್ ಎಂದದ್ದು ಕುಂಯ್ ಎನ್ನುತ್ತ, ಬೆಳಿಗ್ಗೆ ಹೊಡೆದದ್ದು ಸಂಜೆಯವರೆಗೂ ಕಿವಿ ಕೊರೆಯುತ್ತಿತ್ತು. ಹಾವಂತೂ ಕಿವಿಯ ಸಹವಾಸವೇ ಬೇಡವೆಂದು ಬಿಟ್ಟುಕೊಟ್ಟಿತು.

ಟಿಟ್ಟಿಭ ಹಕ್ಕಿಯ ಕಷ್ಟ ಬೇರೆ. ಟಿಟ್ಟವ್ವ ಎಂದು ಅವಳ ಹೆಸರು. ಅವಳಿಗೆ ಮರದಲ್ಲಿ ಗೂಡಿಲ್ಲ. ಬಟ್ಟಬಯಲಲ್ಲಿ, ಕಲ್ಲುಗಳ ನಡುವೆ ಮೊಟ್ಟೆ. ಗಿಡುಗ ಬಂದರೆ ತಾಯಿ ‘ಟಿಟ್ಟೀ’ ಎಂದು ಕೂಗಬೇಕು, ಮರಿಗಳು ಇದ್ದಲ್ಲೇ ಕಲ್ಲಿನಂತೆ ಕೂರಬೇಕು. ಮನೆಯೂ ಬಾಗಿಲೂ ಆ ಕೂಗೇ. ಹೋದ ಮಳೆಗಾಲದಲ್ಲಿ ಅವಳು ಕೂಗಿದ್ದಳು. ನಗಾರಿಯ ಗುಂಯ್‌ನಲ್ಲಿ ಮರಿಗಳಿಗೆ ಕೇಳಿಸಲಿಲ್ಲ. ಗಿಡುಗ ಮೂರನ್ನೂ ಎತ್ತಿಕೊಂಡು ಹೋಯಿತು. ಈಗ ಮತ್ತೆ ನಾಲ್ಕು ಮೊಟ್ಟೆ, ಒಡೆಯಲು ಮೂರೇ ದಿನ.

ಗಂಡನನ್ನು ಮೊಟ್ಟೆಗಳ ಮೇಲೆ ಕೂರಿಸಿ ಅವಳು ಆಕಾಶಕ್ಕೆ ಹಾರಿದಳು.

“ಅಣ್ಣಾ, ನಿನ್ನ ನಗಾರಿ ಬಾಯಿ ಮುಚ್ಸು.”

“ನಾನೇನ್ ಮಾಡ್ಲವ್ವಾ? ಹೊಡೆಯೋದು ನನ್ ಕೈಲದೆ, ನಿಲ್ಸೋದು ನನ್ ಕೈಲಿಲ್ಲ,” ಎಂದ ಗುಡುಗಣ್ಣ. ಪಾಪ, ಅವನಿಗೂ ತಲೆನೋವು.

ಹಾರಿ ಸುಸ್ತಾಗಿದ್ದ ಟಿಟ್ಟವ್ವ ನಗಾರಿಯ ತೊಗಲಿನ ಮೇಲೇ ಕೂತಳು. ಗುಂಯ್ ತಟ್ಟನೆ ನಿಂತಿತು. ಎದ್ದಳು, ಗುಂಯ್. ಕೂತಳು, ನಿಶ್ಶಬ್ದ.

“ಹಂಗೇ ಕೂತ್ಬಿಡವ್ವಾ!”

“ಕೂತ್ರೆ ಮರಿ ಕಾಯೋರ್ ಯಾರು, ನೀನಾ?”

ಆದರೆ ಅವಳಿಗೆ ಹೊಳೆಯಿತು. ತೊಗಲಿಗೆ ಬೇಕಾದದ್ದು ಒಂದಿಷ್ಟು ಭಾರ. ನೇರ ಕೆರೆಗೆ ಬಂದಳು.

“ಕೆರೆಯಮ್ಮಾ, ಒಂಚೂರು ಕರಿಮಣ್ಣು ಕೊಡ್ತೀಯಾ?”

“ತಕ್ಕೋ ಮಗಳೇ. ಒಣಗಿದ್ರೆ ಉದುರೋಗ್ತದೆ. ಪ್ರತಿ ಸಲ ಹೊಸದಾಗಿ ಹಚ್ಬೇಕು, ನೆಪ್ಪಿರ್ಲಿ.”

ಕೊಕ್ಕಿನಲ್ಲಿ ಹಿಡಿಸುವುದೆಷ್ಟು? ಟಿಟ್ಟವ್ವ ಹಸಿಮಣ್ಣನ್ನು ಕತ್ತಿಗೂ ಎದೆಗೂ ಒತ್ತಿಕೊಂಡು ಹೊತ್ತಳು. ಮರಿಗಳನ್ನು ಕಳೆದುಕೊಂಡ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಂಗಳಕ್ಕೆ ಸಗಣಿ ಸಾರಿಸುವಂತೆ ಮೂಲೆ ಬಿಡದೆ, ಅಂಚಿನಿಂದ ಅಂಚಿಗೆ ಮೆತ್ತಿದಳು. ಗುಡುಗಣ್ಣ ಹೊಡೆದ. ದಪ್. ಭತ್ತದ ಮೂಟೆಗೆ ಗುದ್ದಿದ ಹಾಗೆ.

ಟಿಟ್ಟವ್ವ ಆ ದಿನ ಹಾಯಾಗಿ ನಿದ್ದೆ ಮಾಡಿದಳು.

ಮಾರನೆಯ ದಿನ ಮಳೆಯಿಲ್ಲ. ಅದರ ಮಾರನೆಯ ದಿನವೂ ಇಲ್ಲ. ದಪ್ ಎಂದದ್ದು ಕಡಲಿನ ಮೋಡಗಳಿಗೆ ಕೇಳಿಸಿದ್ದರೆ ತಾನೇ! ಮೂರನೆಯ ದಿನ ಮೊಟ್ಟೆ ಒಡೆದು ನಾಲ್ಕು ಮರಿಗಳು ಹೊರಬಂದವು. ಒಣ ನೆಲ ಕುಕ್ಕಿದವು. ಒಂದು ಹುಳವೂ ಸಿಗಲಿಲ್ಲ. ಗಿಡುಗದಿಂದ ಉಳಿಸಹೊರಟು ಹಸಿವಿಗೆ ಕೊಟ್ಟೆನಲ್ಲ ಎಂದು ಟಿಟ್ಟವ್ವ ಮರುಗಿದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಪುಣ್ಯಕ್ಕೆ ಇದು ಮೂಗಲ್ಲ, ಮಣ್ಣು. ದಪ್ಪಗೆ ಮೆತ್ತಿದ್ದು ಇನ್ನೂ ಒಣಗಿಲ್ಲ, ಕೆರೆದರೆ ಬರುತ್ತದೆ.

ಮತ್ತೆ ಹಾರಿದಳು. ಅಂಚಿನಿಂದ ಕಾಲಲ್ಲಿ ಒಂದಿಷ್ಟು ಕೆರೆದಳು. “ಹೊಡಿ ಅಣ್ಣಾ.” ದಪ್. ಇನ್ನೊಂದಿಷ್ಟು ಕೆರೆದಳು. “ಹೊಡಿ ಅಣ್ಣಾ.” ಧಪ್. ಕೆರೆಯುತ್ತ ಕೆರೆಯುತ್ತ ನಡುವೆ ಒಂದು ಗುಂಡನೆಯ ಬೊಟ್ಟು ಮಾತ್ರ ಉಳಿಯಿತು.

“ಹೊಡಿ ಅಣ್ಣಾ.”

ಧಣ್! ಗುಡು ಗುಡು ಗುಡು... ಆಮೇಲೆ ಸದ್ದಿಲ್ಲ.

“ಆ ಗುಡುಗುಡೂನೂ ತೆಗೀಲಾ?”

“ಬ್ಯಾಡ ಕಣವ್ವಾ. ಅಷ್ಟೂ ಇಲ್ದಿದ್ರೆ ಮೋಡಕ್ಕೆ ದಾರಿ ಗೊತ್ತಾಗಕಿಲ್ಲ.”

ಮೋಡಗಳು ಕಡಲಿನಿಂದ ಎದ್ದವು. ಟಿಟ್ಟವ್ವ ಕೆಳಗಿಳಿಯುವಷ್ಟರಲ್ಲಿ ಬಯಲಿನ ಮೇಲೆ ಗಿಡುಗದ ನೆರಳು ಸುಳಿಯಿತು. ಗುಡುಗು ಆಗಷ್ಟೇ ಸುಮ್ಮನಾಗಿತ್ತು. ‘ಟಿಟ್ಟೀ!’ ಎಂದಳು. ನಾಲ್ಕೂ ಮರಿಗಳು ಅಲುಗಲಿಲ್ಲ. ಗಿಡುಗ ಎರಡು ಸುತ್ತು ಹಾಕಿ, ಬರೀ ಕಲ್ಲುಗಳೆಂದುಕೊಂಡು ಹೊರಟುಹೋಯಿತು. ಆಮೇಲೆ ಮಳೆ ಬಂತು, ಹುಳವೂ ಬಂತು.

ಎಷ್ಟು ಮಳೆ ಸುರಿದರೂ ಟಿಟ್ಟವ್ವನ ಕತ್ತಿನ, ಎದೆಯ ಕರಿಮಣ್ಣು ಮಾತ್ರ ಹೋಗಲಿಲ್ಲ. ನಗಾರಿಯ ಬೊಟ್ಟು ಹಾಗಲ್ಲ, ಒಣಗಿದಾಗಲೆಲ್ಲ ಉದುರಿಹೋಗುತ್ತದೆ. ಅದಕ್ಕೇ ಇವತ್ತಿಗೂ ಗುಡುಗುವ ಮೊದಲು ಆಕಾಶಕ್ಕೆ ಹೊಸದಾಗಿ ಕಪ್ಪು ಮೆತ್ತಿಕೊಳ್ಳುತ್ತದೆ. ಗುಡುಗುಡು ನಿಂತ ಮೇಲೆ ಬಯಲಿನಲ್ಲಿ ‘ಟಿಟ್ಟೀ’ ಎಂದು ಕೇಳಿಸಿದರೆ, ಕಂದಾ, ಹೆಜ್ಜೆ ನೋಡಿಕೊಂಡು ಇಡು, ಅಲ್ಲೆಲ್ಲೋ ನಾಲ್ಕು ಕಲ್ಲುಗಳು ಉಸಿರಾಡುತ್ತಿರುತ್ತವೆ.